ಸಂಗವ್ವನ ಗೊಂಬಿ ತಂದ ವರ್ಷ

ನಿನ್ನಿ ಮಧ್ಯಾಹ್ನ ನಮ್ಮ ಮನಿಯಾಗ ಹೆಣ್ಣು ಹುಟ್ಟೇತಿ!

ನನ್ನ ಸಣ್ಣ ಮಗ ಈರಪ್ಪನ ಹೆಂಡತಿ ಶಾಂತವ್ವ ಹಡದಾಳ. ತಾಯಿ ಆರಾಮ ಅದಾಳ, ಕೂಸೂ ಆರಾಮ ಐತಿ. ತಲಿ ತುಂಬ ಕರ್ರಗಿನ ಕೂದಲಾ. ಅತ್ತರ ದನಿ ಓಣಿಯ ಆ ತುದಿಗೆ ಕೇಳತೈತಿ. ಮುಷ್ಟಿ ಎಷ್ಟು ಬಿಗಿ ಹಿಡದಾಳ ಅಂದ್ರ, ಒಳಗ ಏನೋ ತಂದಾಳ, ಯಾರಿಗೂ ಕೊಡೂ ಮನಸ್ಸಿಲ್ಲ ಅನ್ನಬೇಕು. ನಾನು ರುಮಾಲು ಸುತ್ತೂದನ್ನೂ ಮರತು, ಬೋಳತಲೀಲೆ ಮಳಿಯಾಗ ಮೂಡಲಗಿಯ ನಮ್ಮ ಓಣಿ ತುಂಬ ಸಕ್ಕರಿ ಹಂಚಿ ಬಂದೆ. ಲಡಾಯಿ ಮುಗದು ಎರಡು ವರ್ಷ ಆದ್ರೂ ಸಕ್ಕರಿ ಇನ್ನೂ ರೇಶನ್ನಿನ ಮ್ಯಾಲ ಸಿಗತೈತಿ. ತಿಂಗಳಿಗೆ ಅಂತ ಇಟ್ಟದ್ದು ಒಂದು ತಾಸಿನಾಗ ಖಾಲಿ ಆತು.

ಎದುರುಮನಿ ಗಿರೆವ್ವ ಅಂಗೈ ಚಾಚಿಕೋತನ ನಕ್ಕಳು. "ಏನ್ರೀ ಬಾಳಪ್ಪಾರ, ಹೆಣ್ಣ ಹುಟ್ಟಿದ್ದಕ್ಕ ಇಷ್ಟ ಕುಣದ್ರ ಗಂಡ ಹುಟ್ಟಿದ್ರ ಏನ್ ಮಾಡ್ತಿದ್ರಿ?"

"ಗಂಡ ಹದಿನಾಲ್ಕ ಹುಟ್ಟ್ಯಾವವ್ವಾ. ಒಮ್ಮೀನೂ ಕುಣದಿಲ್ಲ. ಇವತ್ತರ ಕುಣಿಯಾಕ ಬಿಡು."

ಖರೇನ ಹದಿನಾಲ್ಕು. ನನಗ ಮೂರು ಮಂದಿ ಗಂಡುಮಕ್ಕಳು, ನಮ್ಮಣ್ಣ ಸಿದ್ದಪ್ಪಗ ಕಡೀಕ ಹುಟ್ಟಿದ ಇಬ್ಬರು, ಆಮ್ಯಾಲ ಮೊಮ್ಮಕ್ಕಳು ಒಂಬತ್ತು. ನಲವತ್ತೊಂದು ವರ್ಷ ಈ ಕೂಡಿದ ಮನಿಯಾಗ ಒಂದು ಹೆಣ್ಣುಕೂಸು ಅಳಲಿಲ್ಲ. ಮಂದಿ ಏನೇನೋ ಅಂದರು. ನನಗ ಮಾತ್ರ ಒಂದು ಲೆಕ್ಕ ಇತ್ತು. ಇದ್ದ ಒಂದನ್ನ ನಾನು ಕಾಯಲಿಲ್ಲ, ಅದಕ್ಕ ಮತ್ತೊಂದು ಬರವಲ್ಲದು ಅಂತ. ಹಂಗೆಲ್ಲ ಇರೂದಿಲ್ಲೋ ಬಾಳಪ್ಪಾ ಅಂತ ನಮ್ಮ ಮನಿಗೆ ಬರೂ ಅಯ್ಯನವರು ಎಷ್ಟೋ ಸಲ ಹೇಳಿದರು. ತಿಳಿವಳಿಕಿ ಬ್ಯಾರೆ, ಎದಿಯಾಗಿನ ಮುಳ್ಳು ಬ್ಯಾರೆ.

ನಿನ್ನಿ ಬಾಣಂತಿ ಖೋಲಿಯಾಗ ಹಸಿ ಬೇವಿನ ತಪ್ಪಲಾ ಬಳ್ಳೊಳ್ಳಿ ಸಿಪ್ಪಿ ಕೂಡಿಸಿ ಹೊಗಿ ಹಾಕಿದ್ದರು. ಹೊರಗ ಮೂರು ದಿನದಿಂದ ಹತ್ತಿದ ಮಳಿ. ತೊಯ್ದ ಮಣ್ಣು, ಬೇವಿನ ಹೊಗಿ, ಒಳಗ ಒಂದು ಕೂಸಿನ ದನಿ. ಆ ವಾಸನಿ ಮೂಗಿಗೆ ಬಡದದ್ದ ತಡ, ಪಿಲೇಗಿನ ವರ್ಷದ ಆ ಜೋಪಡಿ ನನ್ನ ಮುಂದ ಬಂದು ನಿಂತಿತು.

ಆಗ ನನಗ ಇಪ್ಪತ್ತೆರಡು. ಮದುವಿ ಆಗಿರಲಿಲ್ಲ. ಮನಿಯಾಗ ನಾವು ಆರು ಮಂದಿ: ಅಣ್ಣ ಸಿದ್ದಪ್ಪ, ಅವನ ಹೆಂಡತಿ ನೀಲವ್ವ ವೈನಿ, ಅವರ ಮೂರು ಮಕ್ಕಳು, ಮತ್ತ ನಾನು. ಮಕ್ಕಳಾಗ ಹಿರೇಂವ ರುದ್ರಪ್ಪ ಒಂಬತ್ತರಾಂವ. ಮಲ್ಲಪ್ಪ ಏಳರಾಂವ. ಸಣ್ಣಾಕಿ ಸಂಗವ್ವ, ಐದು ತುಂಬಾಕ ಇನ್ನೂ ಎರಡು ತಿಂಗಳಿತ್ತು.

ಮಣ್ಣೆತ್ತಿನ ಅಮಾಸಿ ಮುಗದ ವಾರದಾಗ ನಮ್ಮ ಓಣಿಯಾಗ ಇಲಿ ಬಿದ್ದವು. ಇಲಿ ಬಿದ್ದವು ಅಂದ್ರ ಈಗಿನ ಹುಡುಗೂರಿಗೆ ತಿಳಿಯೂದಿಲ್ಲ. ಹಾಡಹಗಲ ನಡಮನಿಗೆ ಇಲಿ ಬರತಾವ, ಕುಡದವರಗತೆ ತೂರಾಡತಾವ, ನಿಮ್ಮ ಕಾಲ ಮುಂದನ ಬಿದ್ದು ಸಾಯತಾವ. ಆಮ್ಯಾಲ ಮನಿಷಾರ ಪಾಳಿ. ಮೂರನೇ ದಿನ ಡಂಗುರ ಹೊಡದರು: ಊರು ಬಿಡ್ರಿ, ಹೊಲಕ್ಕ ಹೋಗಿ ಜೋಪಡಿ ಹಾಕಿಕೊಳ್ರಿ, ಕಾಳುಕಡಿ ಭಾಂಡೆ ಒಯ್ರಿ, ಅರಿವಿ ಮಾತ್ರ ಒಂದು ಚೂರೂ ಒಯ್ಯಬ್ಯಾಡ್ರಿ. ಹಿಂದಿನ ಸಲ ಗೋಕಾಕ ಕಡೆ ಹಾಸಿಗಿ ಹೊತಗೊಂಡು ಊರು ಬಿಟ್ಟವರು ಬ್ಯಾನಿನೂ ಹೊತಗೊಂಡ ಹ್ವಾದದ್ದು ಎಲ್ಲಾರ ಕಿವಿಗೂ ಬಿದ್ದಿತ್ತು. ವೈನಿ ಧಾರೀ ಸೀರಿ ಬಿಟ್ಟಳು, ಆ ಬ್ಯಾಸಿಗಿಯಾಗ ಕೂತು ಹೊಲದ ಹೊಸಾ ಕೌದಿ ಬಿಟ್ಟಳು. ಮೈಮ್ಯಾಲಿನ ಅರಿವೀನ ಸೈತ ಹಳ್ಳದ ದಂಡಿಗೆ ಕುದಿಸಿ, ಹಸಿದನ ಉಟಗೊಂಡು ಹೊಲಕ್ಕ ಬಂದಳು. ಅಯ್ಯನವರು ನಮ್ಮ ಮನಿ ಬಾಗಲಾ ಮುಚ್ಚಿಸಿ ಚಿಲಕದ ಮ್ಯಾಲ ವಿಭೂತಿ ಬಳದರು.

ಜೋಪಡಿ ಅಂದ್ರ ಏನು, ನಾಕು ಮೂಲಿಗೆ ಜಾಲಿ ಗೂಟ, ಸುತ್ತ ಕಣಕಿ ತಟ್ಟಿ, ಮ್ಯಾಲ ಹುಲ್ಲು. ಎಂಟು ಮೊಳ ಅಗಲ, ಹದಿನೈದು ಮೊಳ ಉದ್ದ. ಅದರಾಗ ಒಲಿ, ಕಾಳಿನ ಚೀಲ, ನಾವು ಆರು ಮಂದಿ. ಬೇಲಿಗೆ ಅಂತ ಜಾಲಿ ಕಡಿಯೂಮುಂದ ಕೊಡ್ಲಿ ಜಾರಿ ನನ್ನ ಎಡಗಾಲಿಗೆ ಬಿತ್ತು. ಗಾಯ ಬಾಯಿ ಬಿಟ್ಟಿತ್ತು, ಎರಿಮಣ್ಣಿನ ಕೆಸರಾಗ ಇಟ್ರ ಕೀವು ಆಗತಿತ್ತು. ಅದಕ್ಕ ದುಡಿಯೂ ಗಂಡಸು ನಾನು ಮಕ್ಕಳ ಜೋಡಿ ಒಳಗ ಉಳದೆ.

ಅಣ್ಣಗ ಬ್ಯಾರೆ ಕೆಲಸ ಬಂದಿತ್ತು. ದಿನಾ ಒಬ್ಬಿಬ್ಬರು ಸಾಯತಿದ್ದರು, ಹೆಣಾ ಹುಗಿಯೂ ತಗ್ಗು ತೋಡಾಕ ಮಂದಿ ಸಿಗತಿರಲಿಲ್ಲ. ಗಟ್ಟಿ ಮೈಯವರು ನಾಕು ಮಂದಿ ಆ ಕೆಲಸ ಹಿಡದರು, ಅದರಾಗ ಅಣ್ಣ ಒಬ್ಬಾಂವ. ಮುಂಜಾನೆ ಸಲಿಕಿ ಹೊತಗೊಂಡು ಹೋಗತಿದ್ದ. ಸಂಜೀಮುಂದ ಹಳ್ಳದಾಗ ಮುಳಗಿ, ಬೇವಿನ ಹೊಗಿಯಾಗ ನಿಂತು, ಆಮ್ಯಾಲ ಒಳಗ ಬರತಿದ್ದ. ಮಕ್ಕಳಿಗೆ "ಅಪ್ಪ ಒಡ್ಡು ಹಾಕಾಕ ಹೋಗ್ಯಾನ" ಅಂತ ಹೇಳಿಟ್ಟಿದ್ದೆವು. ವೈನಿ ಎಮ್ಮಿ ಎತ್ತು ನೋಡಬೇಕು, ತಪ್ಪಲಾ ಕಿತ್ತು ತರಬೇಕು, ಮಳಿ ಸ್ವಲ್ಪ ಬಿಟ್ರ ಕಸ ತಗೀಬೇಕು.

ಮಳಿ ಬಿಡಬೇಕಲ್ಲ? ನಮ್ಮ ಮೂಡಲಗಿ ಕಡೆ ಮಳಿ ಅಂದ್ರ ಬೇಡಿಕೊಂಡು ಕರಸಬೇಕಾದ ಬೀಗತಿ. ಆ ವರ್ಷ ಕರೀಲಾರದ ಬಂದಳು, ಹೋಗವಲ್ಲಳು. ಪುನರ್ವಸು ಹಿಡದದ್ದು ಪುಷ್ಯಕ್ಕ ಬಿಡಲಿಲ್ಲ, ಪುಷ್ಯ ಆಶ್ಲೇಷಕ್ಕ ಕೈಹಿಡದು ದಾಟಿಸಿತು. ಜಿಟಿಜಿಟಿ, ಜಿಟಿಜಿಟಿ. ಹೊಳೀ ಕಡೆಯಿಂದ ಗಾಳಿ ಬೀಸಿದ್ರ ತಟ್ಟಿ ಸಂದೀಲೆ ಒಳಗೂ ಸಣ್ಣ ಮಳಿ.

ಮೊದಲ ನಾಕು ದಿನ ಚೌಕಾಬಾರಾ. ನೆಲಕ್ಕ ಇದ್ದಲೀಲೆ ಮನಿ ಬರದು, ಹುಣಸಿ ಬೀಜ ಎರಡು ಹೋಳು ಮಾಡಿ ಕವಡಿ ಮಾಡಿದೆ. ಆಮ್ಯಾಲ ನೆಲ ಹಸಿ ಆಗಿ ಗೆರಿ ಕೂಡವಲ್ಲವು. ಕತಿ ಸುರು ಮಾಡಿದೆ. ನಾನು ಎರಡನೇ ಇಯತ್ತೆ ತನಕ ಸಾಲಿಗೆ ಹ್ವಾದವ, ನನ್ನ ಕಡೆ ಕತಿ ಎಷ್ಟ ಇರತಾವ? ಒಂಬತ್ತು ದಿನಕ್ಕ ಮುಗದವು. ಹತ್ತನೇ ದಿನ ಹಳೇ ನರೀನ ಹೊಸಾ ತೋಳ ಮಾಡಿ ಹೇಳಿದ್ರ ಮಲ್ಲ್ಯಾ ಹಿಡದ.

"ಕಾಕಾ, ಇದು ನಿನ್ನಿ ನರೀನ. ಬಾಲಾ ಒಂದ ಬದಲ ಮಾಡೀದಿ."

ಸೋರೂ ಮಾಡು ಒಂದು ಆಟಾ ಕೊಟ್ಟಿತು. ಜೋಪಡಿಯಾಗ ಏಳೆಂಟು ಕಡೆ ತಟತಟ ಸೋರತಿತ್ತು. ಒಬ್ಬೊಬ್ಬಗ ಒಂದೊಂದು ತಂಬಿಗಿ ಕೊಟ್ಟು, ಯಾರದು ಮೊದಲ ತುಂಬತೈತಿ ಅಂತ ಪಂಥ ಕಟ್ಟಿದೆ. ಗೆದ್ದವಗ ಬೆಲ್ಲದ ಹಳಕು.

"ಕಾಕಾ, ರುದ್ರ್ಯಾ ಕಡ್ಡೀಲೆ ತೂತ ದೊಡ್ಡದ ಮಾಡಾಕತ್ತಾನ!"

"ಇಲ್ಲ ಕಾಕಾ, ನನ್ನ ಪಾಲಿನ ಮಳೀನ ಜೋರ ಐತಿ."

"ನಿನ್ನ ಪಾಲಿನ ಮಳಿ ಕೈಯಾಗ ಕಡ್ಡಿ ಹಿಡಕೊಂಡ ಬಂದೈತೇನೋ?" ಅಂದೆ. ನಕ್ಕು ನಕ್ಕು ಇಬ್ಬರೂ ಕೆಸರಾಗ ಉರುಳಿದರು. ಸಂಜೀಕ ವೈನಿ ಬಂದು ಮಾಡಿನ ತೂತು ನೋಡಿ, "ಮೂರ ಹುಡುಗೂರಲ್ಲ, ನಾಕ ಹುಡುಗೂರನ್ನ ಬಿಟ್ಟ ಹೋಗಿದ್ನೇನ ನಾನು?" ಅಂತ ನನ್ನ ತಲಿಗೆ ಮೊಟಕಿದಳು. ಅವತ್ತು ವೈನಿ ನಕ್ಕಿದ್ದಳು.

ಒಂದು ದಿನ ಗೋಕಾಕಕ್ಕ ಗಾಡಿ ಹೂಡಿದೆವು, ಜೋಪಡಿ ಒಳಗನ. ಕಾಳಿನ ಚೀಲ ಗಾಡಿ, ರುದ್ರ್ಯಾ ಮಲ್ಲ್ಯಾ ಎತ್ತು. ನಾನು ಗೋಕಾಕ ನೋಡಿದ್ದು ಮೂರ ಸಲ, ಆದ್ರ ಅವತ್ತು ಓಣಿ ಓಣಿ ತಿರುಗಿಸಿದೆ. ಬಣ್ಣದ ಕಟಿಗಿ ಹಣ್ಣು ಮಾರೂ ಅಂಗಡಿ ಮುಂದ ನಿಲ್ಲಿಸಿ, "ಮಾವಿನಹಣ್ಣ ಚಂದ ಅದಾವ ಅಂತ ಕಡದೀರಿ, ಹಲ್ಲ ಉಳಿಯೂದಿಲ್ಲ" ಅಂತ ಹೇಳಿದೆ. ಹೊಳಿ ಧುಮುಕೂ ಧಬಧಬಿ ಹತ್ತಿರ ಹ್ವಾದಾಗ ಮೂವರೂ ಕಿವಿ ಮುಚ್ಚಿಕೊಂಡರು.

ಹೊಳ್ಳಿ ಬರೂಮುಂದ ಸಂಗವ್ವ ಒಂದ ಸವನ ಅಳಾಕ ಹತ್ತಿದಳು.

"ಏನಾತ ಸಂಗೀ?"

"ನಾವು ಎಲ್ಲಾರೂ ಗೋಕಾಕ ನೋಡಿದ್ವಿ. ಚೆನ್ನಿ ಮನ್ಯಾಗ ಒಬ್ಬಾಕಿನ ಅದಾಳ."

ಚೆನ್ನಿ ಅಕಿ ಗೊಂಬಿ. ವೈನಿ ಹಳೇ ಸೀರಿ ಚಿಂದಿ ತುಂಬಿ ಹೊಲದು ಕೊಟ್ಟದ್ದು. ಗುಲಗಂಜಿ ಕಣ್ಣು. ನಮ್ಮಲ್ಲಿ ಕೂಸು ಹುಟ್ಟಿದ್ರ ಅಯ್ಯನವರು ಬಂದು ಲಿಂಗಾ ಕಟ್ಟತಾರಲ್ಲ, ಹಂಗ ಚೆನ್ನಿಗೂ ಕಟ್ಟಬೇಕು ಅಂತ ಸಂಗವ್ವ ಹಟಾ ಹಿಡದಾಗ ನಾನ ಅಯ್ಯನವರಾಗಿ, ಒಂದು ಹರಳು ಚಿಂದಿಯಾಗ ಕಟ್ಟಿ ಅದರ ಕೊರಳಿಗೆ ಹಾಕಿದ್ದೆ. ಅವತ್ತಿನಿಂದ ಚೆನ್ನಿ ಮನಿಯ ಒಂದು ಜೀವ. ಉಣ್ಣಾಕ ಕುಂತ್ರ ಅದಕ್ಕೊಂದು ತುತ್ತು ಬಾಜೂಕ ಇಡಬೇಕು. ಊರು ಬಿಡೂ ಗದ್ದಲದಾಗ ಅದು ಮನಿಯಾಗ ಉಳದಿತ್ತು.

ಗಂಡುಹುಡುಗೂರ ಆಟದಾಗ ಅಕಿಗೆ ಮನಸ್ಸು ಹತ್ತವಲ್ಲದು. ನಮ್ಮ ಜೋಪಡಿಯಿಂದ ನೂರು ಹೆಜ್ಜಿ ಮ್ಯಾಲ ಇನ್ನೊಂದು ಜೋಪಡಿ ಇತ್ತು. ಅಲ್ಲಿ ಅಕಿ ವಾರಿಗೆಯ ಹುಡುಗಿ ಒಬ್ಬಾಕಿ, ಅಕಿ ಕಡೆ ಒಂದು ಗೊಂಬಿ. ಒಬ್ಬರ ಜೋಪಡಿಗೆ ಇನ್ನೊಬ್ಬರು ಹೋಗಬಾರದು ಅಂತ ಹಿರ್ಯಾರು ಕಟ್ಟು ಮಾಡಿದ್ದರು. ಸಂಗವ್ವ ಒಮ್ಮಿ ನನ್ನ ಕಣ್ಣು ತಪ್ಪಿಸಿ ಹ್ವಾದಳು, ಎಳಕೊಂಡು ಬಂದೆ. ಎರಡನೇ ಸಲ ಹ್ವಾದಾಗ ಆ ಜೋಪಡಿಯ ಮುದುಕಗ ಚಳಿಜ್ವರ ಬಂದು ಎರಡು ದಿನ ಆಗಿತ್ತು.

ವೈನಿಗೆ ತಿಳೀತು. ಬೈಲಿಲ್ಲ. ನನ್ನ ಮುಂದ ಕುಂತು ಎರಡೂ ಕೈ ಜೋಡಿಸಿದಳು. "ಬಾಳಪ್ಪಾ, ನಿನ್ನ ಕಾಲ ಬೀಳತೇನಿ. ಇವನ್ನ ಈ ತಟ್ಟಿ ಒಳಗ ಇಡು. ನಗಸು, ಅಳಸು, ಬಡಿ, ಏನರ ಮಾಡು. ಹೊರಗ ಬಿಡಬ್ಯಾಡ. ಮಂದಿ ಮಕ್ಕಳ ಹೋಗೂದ ದಿನಾ ಕೇಳಾಕತ್ತೇನಿ."

ಅವತ್ತಿನಿಂದ ಸಂಗವ್ವನ್ನ ಟೊಂಕಕ್ಕ ಹಗ್ಗ ಕಟ್ಟಿ ಗೂಟಕ್ಕ ಬಿಗದೆ. ಕರೂನ್ನ ಕಟ್ಟಿದಂಗ. ಅಕಿ ಒದರಲಿಲ್ಲ. ಹಗ್ಗ ಹಿಡಕೊಂಡು ಮೂಲಿಯಾಗ ಕುಂತಳು, ಉಣ್ಣೂದು ಬಿಟ್ಟಳು. ಎರಡು ದಿನ ಆ ಮಾರಿ ನೋಡಿದೆ. ಮೂರನೇ ದಿನ ನನಗ ಆಗಲಿಲ್ಲ.

"ಸಂಗೀ, ಚೆನ್ನಿ ಬಂದ್ರ ಹೊರಗ ಹೋಗೂದಿಲ್ಲೇನ?"

ಕೊರಳಾಗಿನ ಲಿಂಗಾ ಮುಟ್ಟಿ ಹೇಳಿದಳು. "ಮಳಿ ಹೋಗೂತನಾ ಹೋಗೂದಿಲ್ಲ ಕಾಕಾ. ಆಣಿ."

ಇಲ್ಲೀತನಕ ಬರದು ಪೆನ್ಸಿಲ್ ಕೆಳಗಿಟ್ಟೆ. ಎದ್ದು ಹೋಗಿ ಕೂಸಿನ ಮಾರಿ ನೋಡಿ ಬಂದೆ. ಮಲಗೇತಿ. ನಿದ್ದಿಯಾಗ ತುಟಿ ಚೀಪತೈತಿ. ನನ್ನ ಹೆಂಡತಿ, "ಏನ ಬರಿಯಾಕ ಹತ್ತೀರಿ ಮುಂಜಾನಿಂದ, ಹುಟ್ಟಿದ ಹೊತ್ತು ಬರದಿಡ್ರಿ ಅಂದ್ರ?" ಅಂತ ಕೇಳಿದಳು. ಹೊತ್ತು ಬರದಾಗೇತಿ. ಉಳದದ್ದನ್ನೂ ಬರದಬಿಡತೇನಿ.

ಮರುದಿನ ಮುಂಜಾನೆ ಮಳಿ ತಾಸೊಪ್ಪತ್ತು ನಿಂತಿತು. ರುದ್ರ್ಯಾಗ ತಂಗಿ ತಮ್ಮನ ಮ್ಯಾಲ ಕಣ್ಣಿಡಾಕ ಹೇಳಿ, ಗಾಯಕ್ಕ ಅರಿಷಿಣ ತುಂಬಿ ಕಟ್ಟಿ, ಬಡಿಗಿ ಊರಕೋತ ಊರಿಗೆ ಹ್ವಾದೆ. ಒಂದು ಮೈಲು ದಾರಿ. ಊರು ಅಂದ್ರ ಊರಲ್ಲ. ಓಣಿಯಾಗ ಮೊಳಕಾಲ ಹುಲ್ಲು. ನಾಯಿ ಸೈತ ಬೊಗಳಲಿಲ್ಲ. ಹಿತ್ತಲ ಗ್ವಾಡಿ ಹತ್ತಿ ಒಳಗ ಇಳದೆ. ನಡಮನಿಯಾಗ ಎರಡು ಇಲಿ ಒಣಗಿ ಬಿದ್ದಿದ್ದವು, ಅವನ್ನ ಹುಷಾರೀಲೆ ದಾಟಿದೆ. ಚೆನ್ನಿ ಕಣಜದ ಬಾಜೂ ಗ್ವಾಡಿಯ ಮಾಡದಾಗ ಮಲಗಿತ್ತು. ಸಂಗವ್ವ ಮಲಗಿಸಿದ್ದು. ಮ್ಯಾಲ ಒಂದು ಚಿಂದಿ ಹೊಚ್ಚಿದ್ದಳು, ಚಳಿ ಆದೀತು ಅಂತ.

ಆ ಹೊಚ್ಚಿಕಿ ನಾನು ಮುಟ್ಟಲಿಲ್ಲ. ಅರಿವಿ ಒಯ್ಯಬಾರದು ಅಂತ ಡಂಗುರ ಹೊಡದಾರ ಅನ್ನೂದು ನೆನಪಿತ್ತು, ಬಡಿಗೀಲೆ ಸರಿಸಿ ಅಲ್ಲೇ ಬಿಟ್ಟೆ. ಗೊಂಬಿ ಎತ್ತಿಕೊಂಡೆ. ಅದೂ ಅರಿವೀನ ಅಂತ ನನಗ ಹೊಳೀಲೇ ಇಲ್ಲ. ನನ್ನ ಕಣ್ಣಿಗೆ ಅದು ಚೆನ್ನಿ, ನಾನ ಲಿಂಗಾ ಕಟ್ಟಿದ ಹುಡುಗಿ. ಮತ್ತ ಗ್ವಾಡಿ ಹತ್ತಿ ಹೊರಗ ಇಳದು, ಬಾಗಲ ಮುಂದ ಬಂದು, ಚಿಲಕದ ಮ್ಯಾಲಿನ ವಿಭೂತಿ ಬೆರಳಿಗೆ ಹಚ್ಚಿಕೊಂಡು ಅದರ ಹಣಿಗೆ ಬಳದೆ. ಇಷ್ಟು ಮಾಡಿದ ಮ್ಯಾಲ ಇನ್ನೇನು ಅಂಜಿಕಿ ಅಂತ, ಅಂಗಿ ಒಳಗ ಇಟಗೊಂಡು ತಂದೆ.

ಸಂಗವ್ವನ ಮಾರಿ ಹೆಂಗ ಆತು ಅಂತ ಬರಿಯಾಕ ನನಗ ಬರೂದಿಲ್ಲ.

ಹಗ್ಗ ಬಿಚ್ಚಿದೆ. ಆಣಿ ಪ್ರಕಾರ ಅಕಿ ಹೊರಗ ಇಣಕಲಿಲ್ಲ. ಸಂಜೀಕ ವೈನಿ ಬಂದು ಗೊಂಬಿ ನೋಡಿ, "ಎಲ್ಲಿತ್ತೋ ಇದು?" ಅಂದಳು.

"ಕಾಳಿನ ಚೀಲದ ತಳದಾಗ ಇತ್ತು ವೈನಿ," ಅಂದೆ. ಸುಳ್ಳು.

ವೈನಿ ನನ್ನ ಮಾರಿ ನೋಡಿದಳು, ಮಗಳ ಮಾರಿ ನೋಡಿದಳು. ಸಂಗವ್ವ ಚೆನ್ನಿಗೆ ಉಣಿಸಿಕೋತ ತಾನೂ ಉಣ್ಣಾಕ ಹತ್ತಿದ್ದಳು. ವೈನಿ ಇನ್ನರ್ಧ ರೊಟ್ಟಿ ತಂದು ಮಗಳ ಮುಂದ ಇಟ್ಟಳು.

ಮೂರು ದಿನ ಆ ಜೋಪಡಿಯಾಗ ಹಬ್ಬ. ಚೆನ್ನಿಗೆ ಗಂಡು ನೋಡಿದೆವು. ನಾನು ಎರಿಮಣ್ಣಿನ ಮದುಮಗನ್ನ ಮಾಡಿ ಒಲಿ ಬಾಜೂಕ ಒಣಗಿಸಿದೆ. ರುದ್ರ್ಯಾ ಗಂಡಿನ ಅಪ್ಪ.

"ನಮ್ಮ ಹುಡುಗ ಮಣ್ಣಿನಾಂವ, ಖರೆ. ಆದ್ರ ಎರಿಮಣ್ಣು. ಎಂಟು ಕೂರಿಗಿ ಹೊಲದ ಆಸ್ತಿ," ಅಂದ ರುದ್ರ್ಯಾ.

"ಮಳಿಯಾಗ ಕರಗತಾನೇನ್ರಿ ಬೀಗರ?" ಅಂತ ಮಲ್ಲ್ಯಾ ಕೇಳಿದ. "ಹಂಗಿದ್ರ ನಮ್ಮ ಹುಡುಗೀನ್ನ ಕೊಡೂದಿಲ್ಲ."

ವೈನಿ ಆ ಮದುವಿಗೆ ಹಿಟ್ಟಿನ ಹುಗ್ಗಿ ಮಾಡಿದಳು. ಮದುಮಗಳಿಗೆ ರವಕಿ ಇಲ್ಲ ಅಂತ ಸಂಗವ್ವ ಕಾಡಿದಾಗ ಸೆರಗಿನ ಚುಂಗು ಹರದು, ಒಲಿ ಬೆಳಕಿಗೆ ಹಿಡದು ರವಕಿ ಹೊಲದಳು. ಅಣ್ಣ ಸೈತ ಅಕ್ಷತಿ ಹಾಕಿದ. ಎರಡು ತಿಂಗಳಾಗ ಅವನ ಹಲ್ಲು ಕಂಡದ್ದು ಅವತ್ತೊಂದ ದಿನ.

ನಾಕನೇ ದಿನ ಸಂಗವ್ವ ಏಳಲಿಲ್ಲ. ಮೈ ಸುಡತಿತ್ತು. ವೈನಿ ಬಗಲಾಗ ಕೈ ಹಾಕಿ ನೋಡಿ, ಕೈ ಹಿಂದಕ್ಕ ತಗೊಂಡಳು. ಪಿಲೇಗಿನ ಗಡ್ಡಿ ಎದ್ದಿತ್ತು. ಚೆನ್ನೀನ್ನ ಅವಚಿಕೊಂಡು ಮಲಗೂ ಬಗಲಾಗನ.

ಗಂಡುಹುಡುಗೂರನ್ನ ಎತ್ತಿನ ಛಪ್ಪರಕ್ಕ ಕಳಿಸಿದೆವು. ಸಂಗವ್ವ ಕಣ್ಣು ತಗದಾಗೊಮ್ಮಿ ಅಂದಳು, "ಕಾಕಾ, ನಾ ಹೊರಗ ಹೋಗಿಲ್ಲ." ನಾನು, "ಇಲ್ಲವಾ, ನೀ ಎಲ್ಲೂ ಹೋಗಿಲ್ಲ," ಅಂದೆ. ಎರಡನೇ ದಿನ ಮಾತು ನಿಂತಿತು. ಮೂರನೇ ದಿನ ಮುಂಜಾನೆ ಎಮ್ಮಿ ಹಿಂಡೂ ಹೊತ್ತಿಗೆ ಉಸಿರು ನಿಂತಿತು. ಹೊರಗ ಅದ ಮಳಿ.

ಊರ ಮಂದಿಗೆಲ್ಲ ತಗ್ಗು ತೋಡಿದ ಅಣ್ಣ ಅವತ್ತು ಸಲಿಕಿ ಯಾರ ಕೈಗೂ ಕೊಡಲಿಲ್ಲ. ಅದೆಂಥಾ ತಗ್ಗು ಬೇಕಿತ್ತು ಅಕಿಗೆ? ನಮ್ಮಲ್ಲಿ ಕುಂಡ್ರಿಸಿ ಮಣ್ಣು ಕೊಡತಾರ. ಅಕಿ ಕುಂತ್ರ ನನ್ನ ಮೊಳಕಾಲಿಗೆ ಬರತಿದ್ದಳು. ಗೊಂಬೀನೂ ಅಕಿ ತೊಡಿಮ್ಯಾಲ ಇಟ್ಟರು.

ಮಣ್ಣು ಕೊಟ್ಟು ಬಂದ ಮ್ಯಾಲ ನಾನು ಅಣ್ಣ ವೈನಿ ಇಬ್ಬರ ಮುಂದ ಕುಂತು ಎಲ್ಲಾ ಹೇಳಿದೆ. ಗ್ವಾಡಿ ಹತ್ತಿದ್ದು, ಇಲಿ ದಾಟಿದ್ದು, ಚೀಲದಾಗ ಇತ್ತು ಅಂತ ಸುಳ್ಳು ಹೇಳಿದ್ದು. ಬಡೀತಾನ ಅಂದುಕೊಂಡಿದ್ದೆ, ಬಡದಿದ್ರ ಛಲೋ ಆಗತಿತ್ತು. ಅಣ್ಣ, "ಹೊರಗ ಯಾರ ಮುಂದೂ ಅನಬ್ಯಾಡ," ಅಂತ ಅಷ್ಟ ಅಂದ. ವೈನಿ ಎದ್ದು ಹೋಗಿ ಒಲಿ ಹಚ್ಚಿದಳು.

ಮರುದಿನ ಮುಂಜಾನೆ ಮಳಿಯಾಗನ ರುದ್ರ್ಯಾಗ ಮಲ್ಲ್ಯಾಗ ಖಾಲಿ ಚೀಲದ ಕೊಪ್ಪಿ ಹಾಕಿ, ಎಡಗೈಯಾಗ ಒಬ್ಬನ್ನ ಬಲಗೈಯಾಗ ಒಬ್ಬನ್ನ ಹಿಡಕೊಂಡು ಎಮ್ಮಿ ಹಿಂದ ಹ್ವಾದಳು. ಅವರು ತೋಯಿಸಿಕೊಂಡರು, ಕೆಮ್ಮಿದರು, ಆದ್ರೂ ದಿನಾ ಒಯ್ದಳು. ಖಾಲಿ ಜೋಪಡಿಯಾಗ ನಾನು ಒಬ್ಬನ ಕುಂತು ಸೋರೂದನ್ನ ನೋಡಿದೆ.

ದೀಪಾವಳಿ ಮುಗದ ಮ್ಯಾಲ ಊರಿಗೆ ಹೊಳ್ಳಿ ಬಂದೆವು. ಹುಡುಗೂರಿಬ್ಬರೂ ಉಳದರು. ವೈನಿ ನನಗ ಹೆಣ್ಣು ನೋಡಿ ಮದುವಿ ಮಾಡಿದಳು, ನನ್ನ ಮೂರು ಮಕ್ಕಳನ್ನ ತನ್ನ ಕೈಯಾರೆ ಹಡಸಿದಳು, ನನಗ ಜ್ವರಾ ಬಂದ್ರ ಗಂಜಿ ಕುಡಿಸಿದಳು. ನಲವತ್ತೊಂದು ವರ್ಷದಾಗ ಒಂದು ಹೊತ್ತು ನನ್ನ ತಾಟು ತಡಾ ಆಗಿಲ್ಲ. ಆದ್ರ "ಬಾಳಪ್ಪಾ, ಸ್ವಲ್ಪ ಹುಡುಗೂರ ಕಡೆ ನೋಡು" ಅನ್ನೂ ಮಾತು ಒಮ್ಮಿಯೂ ಅಕಿ ಬಾಯಿಂದ ಬರಲಿಲ್ಲ. ನಾನೂ ಯಾವ ಕೂಸಿನ ಜೋಡಿ ಆಡಾಕ ಕುಂಡ್ರಲಿಲ್ಲ. ನನ್ನ ಮಕ್ಕಳಿಗೂ ಒಂದು ಕತಿ ಹೇಳಲಿಲ್ಲ. ಮಳಿ ಹತ್ತಿತು ಅಂದ್ರ ಕಂಬಳಿ ಹೊಚಗೊಂಡು ಹೊಲಕ್ಕ ಹೋಗಿಬಿಡತಿದ್ದೆ. ಮೊಮ್ಮಕ್ಕಳು ನನ್ನ ಕಂಡ್ರ ಸುಮ್ಮನಾಗತಾವ. "ಮುತ್ಯಾ ಬಂದ, ಬೈತಾನ."

ಹನ್ನೆರಡು ವರ್ಷದ ಹಿಂದ ಅಣ್ಣ ತೀರಿಕೊಂಡ. ಈಗ ಆ ಜೋಪಡಿಯ ಹಿರ್ಯಾರಾಗ ಉಳದವರು ವೈನಿ ಮತ್ತ ನಾನು, ಇಬ್ಬರ.

ಶಾಂತವ್ವನ್ನ ಈ ಸಲಾನೂ ಹತ್ತರಗಿಗೆ ತವರಮನಿಗೆ ಕಳಸೂದಿತ್ತು. ಹಳ್ಳ ಬಂದು ಗಾಡಿ ದಾರಿ ಕಿತ್ತುಹೋಗಿ ಕಳಸಾಕ ಆಗಲಿಲ್ಲ. ನಿನ್ನಿ ಮುಂಜಾನೆ ಬ್ಯಾನಿ ಸುರು ಆದ್ವು. ಸೂಲಗಿತ್ತಿ ಇರೂದು ಹಳ್ಳದ ಆಚೆ. ಕರಕೊಂಡು ಬರಾಕ ಹ್ವಾದ ಮಕ್ಕಳೂ ಆಚೇನ ಸಿಕ್ಕರು. ನನ್ನ ಹೆಂಡತಿ ನೀರು ಕಾಸೂದರಾಗ, ಹಿರೀ ಸೊಸಿ ಖೋಲಿಯಾಗ. ಮುಂದ ನಿಂತಾಕಿ ಎಪ್ಪತ್ತರ ಹತ್ತಿರ ಬಂದ ವೈನಿ. ಮಳಿಗೆ ಸಾಲಿ ಬಿಟ್ಟು ಪಡಸಾಲಿಯಾಗ ಏಳು ಹುಡುಗೂರು, ಕಂಬಕ್ಕೊಬ್ಬರು ಹತ್ತಿ, ಒದರಿ ಮನಿ ಕಿತ್ತಿಟ್ಟಿದ್ದರು. ನಾನು ಕಂಬಳಿ ತಗೊಂಡು ಹೊರಬೀಳಾಕ ಎದ್ದಿದ್ದೆ.

ಖೋಲಿ ಬಾಗಲದಾಗ ವೈನಿ ಬಂದು ನಿಂತಳು. ಮೊಳಕೈ ತನಾ ಕೈ ತೊಯ್ದಿದ್ದವು.

"ಎಲ್ಲಿಗೆ ಹೊಂಟಿ ಬಾಳಪ್ಪಾ? ಈ ಹುಡುಗೂರು ನಿನ್ನ ಕಡೆ ಇರಲಿ."

"ನನ್ನ ಕಡೆ?"

"ಮತ್ತ ಇಲ್ಲಿ ಯಾರ ಅದಾರ?" ಅಂದು ಒಳಗ ಹ್ವಾದಳು.

ಕಂಬಳಿ ಕೆಳಗ ಇಟ್ಟೆ. ಏಳೂ ಹುಡುಗೂರು ಬಾಯಿ ಮುಚ್ಚಿ ನನ್ನ ನೋಡಿದವು. ನಾನು ಅವನ್ನ ನೋಡಿದೆ. ಏನು ಮಾಡಬೇಕು ಅಂತ ಒಂದೂ ನೆನಪಾಗವಲ್ಲದು. ಅಣ್ಣನ ಹೆಸರಿಟ್ಟ ಸಣ್ಣಾಂವ ಸಿದ್ದ್ಯಾ, ನಾಕು ವರ್ಷದಾಂವ, ಮೆಲ್ಲಕ ಬಂದು ನನ್ನ ರುಮಾಲಿನ ತುದಿ ಜಗ್ಗಿದ. ಒಂದು ಸುತ್ತು ಬಿಚ್ಚಿತು. ಬೈತಾನ ಅಂತ ಉಳದವು ಹಿಂದ ಸರದವು. ನಾನು ಬೈಲಿಲ್ಲ. ಇನ್ನೊಂದು ಸುತ್ತು ಬಿಚ್ಚಿತು.

"ಎಷ್ಟ ಉದ್ದ ಐತಿ ಮುತ್ಯಾ?"

"ಗೋಕಾಕ ರೋಡ ಟೇಶನ್ ಮುಟ್ಟತೈತಿ," ಅಂತ ಬಾಯಿಂದ ತಾನ ಬಂತು. "ಹಿಡೀರಿ ಎಲ್ಲಾರೂ. ರೇಲ್ವೆ ಬಿಡತೇನಿ."

ರುಮಾಲು ಹಿಡಕೊಂಡು ಏಳು ಡಬ್ಬಿ, ಮುಂದ ನಾನು ಇಂಜಿನ್, ಕಂಬಾ ಸುತ್ತಿ ಸುತ್ತಿ ಹೊಂಟೆವು. "ಸೀಟಿ ಮೆಲ್ಲಕ ಹೊಡೀರಿ, ಒಳಗ ಪ್ಯಾಸೆಂಜರ ಬರೂದೈತಿ," ಅಂದೆ. ಮೆಲ್ಲಕ ಹೊಡದವು. ಕಾಲು ಸೋತು ನಾನು ಕೆಳಗ ಕುಂತಾಗ ನನ್ನ ಬೆನ್ನ ಮ್ಯಾಲ ಹತ್ತಿ, "ಇಂಜಿನ್ ಕೆಟ್ಟೈತಿ, ನೀರ ಕುಡಸ್ರಿ," ಅಂತ ತಂಬಿಗಿ ನೀರು ತಂದು ಕುಡಿಸಿದವು. ಅಷ್ಟರಾಗ ಒಳಗಿಂದ ಅಳೂ ದನಿ ಬಂತು.

ಸ್ವಲ್ಪ ಹೊತ್ತಿಗೆ ವೈನಿ ಕೂಸನ್ನ ತಂದು ನನ್ನ ಬಾಜೂಕ ಕುಂತಳು. "ಹೆಣ್ಣ," ಅಂದಳು. "ಕೈ ಒರಸಿಕೊಂಡು ಹಿಡಿ."

"ನಾ ಹಿಡಿಯೂದಿಲ್ಲ ವೈನಿ."

"ಹಿಡಿ ಅಂದ್ನಿ."

ಹಿಡದೆ. ಕಣ್ಣು ಮಂಜಾತು. ಮಾತು ತಡೀಲಿಲ್ಲ. "ವೈನಿ, ಆ ವರ್ಷ ನಾ ಆ ಗೊಂಬಿ..."

ವೈನಿ ಕೂಸಿನ ಅರಿವಿ ಸರಿ ಮಾಡಿಕೋತ, ನನ್ನ ನೋಡಲಾರದ ಅಂದಳು. "ಚೀಲ ನಾನ ಕಟ್ಟಿದ್ದೆ ಬಾಳಪ್ಪಾ. ತಳದಾಗ ಗೊಂಬಿ ಇರಲಿಲ್ಲ ಅಂತ ನನಗ ಗೊತ್ತಿತ್ತು. ಮಗಳು ಉಣ್ಣಾಕ ಹತ್ತಿದ್ದಳು, ಕೇಳಲಿಲ್ಲ. ಆ ಗೊಂಬಿಗೆ ರವಕಿ ಹೊಲದೆ. ಕೈಯಾಗ ಅರಿವಿ ಹಿಡದು, ಸೂಜಿ ಚುಚ್ಚಿ, ಹೊಲದೆ. ಅರಿವಿ ಅಂತ ನನಗರ ಎಲ್ಲಿ ಹೊಳೀತು?"

ನಾನು ಕೂಸನ್ನ ಎದಿಗೆ ಅವಚಿಕೊಂಡೆ.

"ಹುಡುಗೂರನ್ನ ನಿನ್ನ ಕಡೆ ಬಿಡಲಿಲ್ಲ. ಖರೆ. ನಿನ್ನ ಮ್ಯಾಲಿನ ಸಿಟ್ಟು ಒಂದ ವರ್ಷದಾಗ ಹೋತು. ನನ್ನ ಮ್ಯಾಲಿನ ಸಿಟ್ಟು ನನಗ ಹೋಗಲಿಲ್ಲ. ನಿನ್ನ ತೊಡಿಮ್ಯಾಲ ಕೂಸ ಕಂಡ್ರ ಅದನ್ನೆಲ್ಲಾ ನೋಡಬೇಕಾಗತಿತ್ತು." ಸೆರಗಿನಿಂದ ನನ್ನ ಮಾರಿ ಒರಿಸಿದಳು. ನಾನು ಇಪ್ಪತ್ತೆರಡರ ಹುಡುಗ ಅನ್ನೂವಂಗ. "ಆ ಸಕ್ಕರಿ ಡಬ್ಬಿ ತಗೊಂಡ ಹೋಗಿ ಓಣಿಯಾಗ ಹೇಳಿ ಬಾ."

ಸಂಜೀಕ ಹಳ್ಳ ಇಳೀತು, ಮಕ್ಕಳು ಬಂದರು. ರುದ್ರಪ್ಪ ಮಲ್ಲಪ್ಪ ಈಗ ಐವತ್ತರ ಹತ್ತಿರದ ಗಂಡಸರು, ಕೂಸು ನೋಡಿ ಹೊರಗ ಬಂದು ಇಬ್ಬರೂ ಕಟ್ಟಿಮ್ಯಾಲ ಒಬ್ಬರ ಬಾಜೂಕ ಒಬ್ಬರು ಕುಂತರು. ವೈನಿ ಅವತ್ತು ಗಂಡಸರದು ಮೊದಲ ಹೆಂಗಸರದು ಆಮ್ಯಾಲ ಅನ್ನೂ ಪದ್ಧತಿ ಇಡಲಿಲ್ಲ. ಪಡಸಾಲಿ ತುಂಬ ಒಂದ ಸಾಲು ಹಾಕಿಸಿದಳು. ಖೋಲಿ ಬಾಗಲಾ ತಗದು ಶಾಂತವ್ವನ ತಾಟೂ ಹೊಸ್ತಿಲ ಹತ್ತಿರ ಇಡಿಸಿದಳು. ರೊಟ್ಟಿ, ಪುಂಡಿಪಲ್ಲೆ, ಬ್ಯಾಳಿ, ಬೆಲ್ಲದ ಸಜ್ಜಕ, ಮ್ಯಾಲ ತುಪ್ಪ. ಇಪ್ಪತ್ತೊಂದು ಮಂದಿ ಕುಂತೆವು. ಸಿದ್ದ್ಯಾ ತನ್ನ ತಾಟು ಬಿಟ್ಟು ಬಂದು ನನ್ನ ತೊಡಿಮ್ಯಾಲ ಏರಿದ. ಅವನ ಅವ್ವ ಕರದಳು, ಏಳಲಿಲ್ಲ. ನಾನು ಅಭ್ಯಾಸದಂಗ ವೈನಿ ಕಡೆ ನೋಡಿದೆ.

ವೈನಿ ಸಜ್ಜಕದ ಬೋಗಾಣಿ ಹಿಡಕೊಂಡು ನಮ್ಮ ಮುಂದ ಬಂದು ಬಗ್ಗಿದಳು. ನನ್ನ ತಾಟಿಗೆ ಎರಡು ಮಂದಿ ಉಣ್ಣೂವಷ್ಟು ಹಾಕಿದಳು.

"ಬಿಸಿ ಐತಿ," ಅಂದಳು. "ಆರಿಸಿ ಉಣಸು."